ಮಗಳ ಕೈ ಪುಣೇದಾಗ, ಕಂಪ್ಯೂಟರ್ ಶಹಾಪುರದಾಗ

ಹೋದ ಸಲ ಪುಂಡಿಪಲ್ಯದ ಬಗ್ಗೆ ಬರ್ದಿದ್ದೆ. ಈ ಸಲ ಅಡಗಿಮನಿ ಬಿಟ್ಟು ಪಡಸಾಲಿಗಿ ಬಂದೀನಿ, ಅಲ್ಲಿ ಕುಂತ ಕಂಪ್ಯೂಟರ್ ಬಗ್ಗೆ ಬರೀತೀನಿ. ನಗಬ್ಯಾಡ್ರಿ. ಪಿಯುಸಿ ಓದಿದಾಕಿ ಇದೇನ್ ಹೇಳ್ತಾಳ ಅನ್ನಬ್ಯಾಡ್ರಿ. ಸುರಪುರದಾಗಿನ ನಮ್ಮ ವೈನಿ, ಯಾದಗಿರಿ ತಂಗಿ, ಬಾಜೂಮನಿ ಅಕ್ಕ, ಮೂರೂ ಮಂದಿ ಬ್ಯಾರೆ ಬ್ಯಾರೆ ದಿನ ಒಂದೇ ಮಾತು ಕೇಳ್ಯಾರ: "ನಿನ್ನ ಮಗಳು ಪುಣೇದಾಗ ಕುಂತು ನಿಮ್ಮನಿ ಕಂಪ್ಯೂಟರ್ ನಡಸ್ತಾಳಂತಲ್ಲ, ನಮ್ಮ ಹುಡುಗೂರು ಮಾಡ್ಲಾಕ ಹೋದ್ರ ಯಾಕ ಆಗವಲ್ದು?" ಮೂರು ಸಲ ಹೇಳೋದಕ್ಕ ಒಮ್ಮಿ ಬರೆಯೋದು ಬೇಶ್ ಅಂತ ಕುಂತೀನಿ.

ನಮ್ಮನಿಯವರದು ಪೈಪು-ಮೋಟರಿನ ಸಣ್ಣ ಅಂಗಡಿ. ಅಂಗಡಿ ಲೆಕ್ಕ ಎಲ್ಲಾ ಮನಿ ಕಂಪ್ಯೂಟರನ್ಯಾಗ, ಟ್ಯಾಲಿಯೊಳಗ ಅದ. ಅದನ್ನ ಬರೀತಿದ್ದಾಕಿ ದೊಡ್ಡ ಮಗಳು, ಬಿ.ಕಾಂ. ಓದಿದಾಕಿ. ಲಗ್ನ ಆಗಿ ಪುಣೇಕ್ಕ ಹೋಗೋ ಹೊತ್ತಿಗಿ ಅವರಪ್ಪ, "ಇನ್ನ ಯಾರನ್ನರ ಪಗಾರಿ ಮ್ಯಾಲ ಹಚ್ಚಮ. ಲಗ್ನ ಆದ ಮಗಳಿಗಿ ಇನ್ನೂ ನಮ್ಮ ಲೆಕ್ಕದ ತ್ರಾಸ ಯಾಕ?" ಅಂದ್ರು. ಆಕಿ ಮಾರಿ ಸಣ್ಣದಾತು. "ಅಪ್ಪಾ, ಇದು ನಾ ಶುರು ಮಾಡಿದ ಲೆಕ್ಕ. ಅಲ್ಲಿಂದೇ ಮಾಡ್ತೀನಿ. ನೀವು ಕಂಪ್ಯೂಟರ್ ಒಂದು ಚಾಲೂ ಇಡ್ರಿ ಸಾಕು" ಅಂದ್ಳು. ಅವರು ಬ್ಯಾಡ ಅನ್ನಲಿಲ್ಲ. ಆದ್ರ "ಒಂದು ತಿಂಗಳ ನೋಡಮ, ಆಗಲಿಲ್ಲಂದ್ರ ಬ್ಯಾರೆಯವರಿಗಿ ಕೊಡಮ" ಅಂತ ಒಂದು ಮಾತು ಸೇರಿಸಿದ್ರು.

ಹಿಂಗ ದೂರದಿಂದ ಕಂಪ್ಯೂಟರ್ ನಡಸೋದಕ್ಕ ರಿಮೋಟ್ ಡೆಸ್ಕ್‌ಟಾಪ್ ಅಂತಾರ. ನಮ್ಮ ಪಡಸಾಲ್ಯಾಗಿನ ಪರದೆ ಮ್ಯಾಲ ಏನು ಕಾಣ್ತದೋ ಅದೇ ಚಿತ್ರ ಇಂಟರ್ನೆಟ್ ಮ್ಯಾಲ ಹೋಗಿ ಆಕಿ ಲ್ಯಾಪ್‌ಟಾಪಿನ್ಯಾಗ ಕಾಣ್ತದ. ಆಕಿ ಅಲ್ಲಿ ಮೌಸ್ ಆಡಿಸಿದ್ರ ಇಲ್ಲಿ ಬಾಣದ ಗುರ್ತು ಓಡಾಡ್ತದ. ಲೆಕ್ಕ ಎಲ್ಲೂ ಹೋಗಂಗಿಲ್ಲ, ನಮ್ಮ ಮನ್ಯಾಗೇ ಇರ್ತದ. ಹೋಗೋದು ಚಿತ್ರ, ಬರೋದು ಆಕಿ ಕೈಯ ಹುಕುಂ, ಅಷ್ಟೇ. ಮೊದಲ ದಿನ ಯಾರೂ ಮುಟ್ಟಿಲ್ಲದ ಮೌಸಿನ ಬಾಣ ತಾನೇ ಓಡಾಡೋದು ನೋಡಿ ನಮ್ಮತ್ತಿ "ಏನವ್ವಾ ಇದು, ಗಾಳಿ ಹೊಕ್ಕದೇನು?" ಅಂದಿದ್ರು.

ಆದ್ರ ಆಕಿಗಿ ಸಿಗೋದು ದಿನಕ್ಕ ಒಂದೇ ತಾಸು. ನೌಕರಿ ಮುಗಿಸಿ, ಮನಿ ಮಂದೀದು ಊಟ ಆಗಿ, ರಾತ್ರಿ 9ಕ್ಕ ಕುಂದರ್ತಾಳ. ಬೀಗರು ಭಾಳ ಚಲೋ ಮಂದಿ, ಏನೂ ಅನ್ನಂಗಿಲ್ಲ. ಅನ್ನಂಗಿಲ್ಲಂತ ನಾವು ಆ ತಾಸನ್ನ ಹಾಳು ಮಾಡ್ಲಾಕ ಬರ್ತದೇನು? "ಅವ್ವಾ, ಯಾವ ದೀಪ ಹತ್ಯಾದ? ಯಾವ ವೈರ್? ಪರದೆ ಮ್ಯಾಲ ಏನ್ ಬರ್ದದ?" ಇದರಾಗೇ ತಾಸು ಹೋದ್ರ ಲೆಕ್ಕ ಯಾವಾಗ ಬರೀಬೇಕು? ದೂರ ಇದ್ದಾಕಿಗಿ ಪರದೆ ಹತ್ತಿದ ಮ್ಯಾಲಿಂದಷ್ಟೇ ಕಾಣ್ತದ. ಪರದೆ ಹತ್ತೋಕಿಂತ ಮೊದಲಿಂದು ಮನ್ಯಾಗ ಇದ್ದಾಕೀನೇ ನೋಡಬೇಕು. ಅದಕ್ಕ ನಾ ಒಂದು ಪದ್ಧತಿ ಮಾಡ್ಕೊಂಡೀನಿ. ಎಂಟೂವರಿಗಿ ರೊಟ್ಟಿ ಹಂಚು ಇಳಿಸಿ, ಕೈ ತೊಳ್ಕೊಂಡು, ಕಂಪ್ಯೂಟರ್ ಮುಂದ ಹೋಗ್ತೀನಿ. ಕೆಳಗಿನವನ್ನ ಒಂದೊಂದಾಗಿ ನೋಡ್ತೀನಿ. ಈ ಕ್ರಮ ತಪ್ಪಿಸಬ್ಯಾಡ್ರಿ. ಸಸಾರದ್ದು ಮೊದಲು, ತ್ರಾಸಿಂದು ಆಮ್ಯಾಲ.

ಮೊದಲಿಗಿ ಕಂಪ್ಯೂಟರ್ ಎಚ್ಚರ ಅದ ಏನು ನೋಡ್ರಿ. ನಮ್ಮೂರ ಗುಡ್ಡದಾಗ ಬುದ್ಧ ಮಲಗಿದ್ರ ನೋಡ್ಲಾಕ ಮಂದಿ ಬರ್ತಾರ, ಕಂಪ್ಯೂಟರ್ ಮಲಗಿದ್ರ ಯಾರೂ ಒಳಗ ಬರ್ಲಾಕ ಆಗಲ್ಲ. ಥೋಡೆ ಹೊತ್ತು ಯಾರೂ ಮುಟ್ಟಲಿಲ್ಲಂದ್ರ ಅದು ತಾನೇ ನಿದ್ದಿ ಹೋಗ್ತದ. ಆವಾಗ ಮಗಳಿಗಿ ಅಲ್ಲಿ "ಆಫ್‌ಲೈನ್" ಅಂತ ತೋರಸ್ತದ. ಸೆಟ್ಟಿಂಗ್ಸ್‌ನ್ಯಾಗ ಸಿಸ್ಟಮ್, ಅದರಾಗ ಪವರ್ ಅಂತ ಇರ್ತದ. ಅಲ್ಲಿ ಸ್ಲೀಪ್ ಅನ್ನೋದರ ಮುಂದ "ನೆವರ್" ಇಡ್ರಿ. ಪರದೆ ಕಪ್ಪಾದ್ರ ನಡೀತದ, ಒಳಗಿನ ಯಂತ್ರ ಎಚ್ಚರ ಇರಬೇಕು. ಲ್ಯಾಪ್‌ಟಾಪ್ ಇದ್ದವರು ಮುಚ್ಚಳ ಹಾಕಬ್ಯಾಡ್ರಿ, ಮುಚ್ಚಿದ ಕೂಡ್ಲೇ ಮಲಗ್ತದ.

ಇನ್ನ ಕರೆಂಟು. ನಮ್ಮ ಕಡಿ ಬ್ಯಾಸಿಗ್ಯಾಗ ಅದು ಯಾವಾಗ ಹೋಗ್ತದ, ಯಾವಾಗ ಬರ್ತದ ನಿಮಗ ಗೊತ್ತದ. ಕರೆಂಟ್ ಹೋಗಿ ಬಂದ ಮ್ಯಾಲ ಕಂಪ್ಯೂಟರ್ ತಾನೇ ಚಾಲೂ ಆಗಂಗಿಲ್ಲ, ಯಾರರ ಗುಂಡಿ ಒತ್ತಬೇಕು. ಬಯಾಸ್ ಅಂತ ಒಳಗಿನ ಸೆಟ್ಟಿಂಗ್ ಒಂದು ಇರ್ತದ. ಅದರಾಗ, ಕರೆಂಟ್ ಬಂದ ಕೂಡ್ಲೇ ಚಾಲೂ ಆಗು ಅಂತ ಹೇಳಿ ಇಡ್ಲಾಕ ಬರ್ತದ. ದೀಪಾವಳಿಗಿ ಬಂದಾಗ ಅಳಿಯಂದಿರು ನಮ್ಮದಕ್ಕ ಹಂಗ ಮಾಡಿಕೊಟ್ರು. ಮೋಡೆಮ್ಮಿಂದ ವೈರ್ ಇನ್ವರ್ಟರಿಗಿ ಕೊಡಿಸ್ರಿ. ಕಂಪ್ಯೂಟರಿಗಿ ಯುಪಿಎಸ್ ಇದ್ದು ಮೋಡೆಮ್ಮಿಗಿ ಇರಲಿಲ್ಲಂದ್ರ ಮನಿ ಎಚ್ಚರ ಇದ್ದು ಬಾಗಿಲು ಮುಚ್ಚಿದಂಗ ಆಗ್ತದ.

ಎರಡನೇದು ಮೋಡೆಮ್ಮಿನ ದೀಪ. ಫೈಬರ್ ವೈರ್ ಬರೋ ಡಬ್ಬಿ ಮ್ಯಾಲ ಪವರ್, ಪಾನ್, ಲಾಸ್, ಲ್ಯಾನ್, ವೈಫೈ ಅಂತ ಸಾಲಾಗಿ ದೀಪ ಇರ್ತಾವ. ಪಾನ್ ಅನ್ನೋ ಹಸಿರು ದೀಪ ಅಲ್ಲಾಡ್ದ ಹತ್ತಿರಬೇಕು. ಲಾಸ್ ಅನ್ನೋದು ಕೆಂಪಗ ಮಿಣುಕ್ಲತ್ತಿದ್ರ, ಹೊರಗಿಂದ ಬರೋ ಬೆಳಕೇ ನಿಂತದ ಅಂತ ತಿಳೀರಿ. ಫೈಬರ್ ಅಂದ್ರ ತಾಮ್ರದ ತಂತಿ ಅಲ್ಲ, ಕೂದಲಿನಂಥ ಗಾಜಿನ ಎಳಿ, ಅದರಾಗ ಬೆಳಕು ಓಡ್ತದ. ಎಲ್ಲರ ಮುರಿದ್ರ, ಭಾಳ ಬಗ್ಗಿದ್ರ ಬೆಳಕು ನಿಲ್ತದ. ಈ ಕೆಂಪು ದೀಪ ಕಂಡ್ರ ಕಂಪ್ಯೂಟರನ್ನ ನೂರು ಸಲ ಬಂದ್ ಮಾಡಿ ಚಾಲೂ ಮಾಡಿದ್ರೂ ಉಪಯೋಗಿಲ್ಲ. ಕೇಬಲ್ ಹುಡುಗನಿಗಿ ಫೋನ್ ಹಚ್ಚರಿ. ಪಾನ್ ಹಸಿರದ, ಲಾಸ್ ಆರ್ಯದ, ಆದ್ರೂ ನೆಟ್ ಬರವಲ್ದು ಅಂದ್ರ ಡಬ್ಬಿ ಬಂದ್ ಮಾಡಿ, ಒಂದು ನಿಮಿಷ ಬಿಟ್ಟು ಚಾಲೂ ಮಾಡ್ರಿ.

ಮೂರನೇದು ಫೋನಿನ ಮೋಸ. "ನೆಟ್ ಅದ ಅಲ್ಲ, ವಾಟ್ಸಾಪ್ ಬರ್ಲತ್ತದ" ಅಂತೀವಿ. ವೈಫೈ ಸತ್ರೂ ಫೋನು ಸುಮ್ಕ ಸಿಮ್ಮಿನ ನೆಟ್ಟಿಗಿ ಹೋಗಿರ್ತದ, ನಮಗ ಹೇಳಂಗಿಲ್ಲ. ಅದಕ್ಕ ಫೋನಿನ ಮೊಬೈಲ್ ಡೇಟಾ ಬಂದ್ ಮಾಡಿ ನೋಡ್ರಿ. ಇಲ್ಲಂದ್ರ ಕಂಪ್ಯೂಟರನ್ಯಾಗೇ ಯಾವುದರ ಒಂದು ಪೇಪರಿನ ಪುಟ ತಗೀರಿ. ನಿನ್ನೆ ನೋಡಿದ ಪುಟ ಬ್ಯಾಡ, ಹೊಸಾದು ತಗೀರಿ.

ನಾಲ್ಕನೇದು ತಾರೀಖು. ಇದು ಭಾಳ ಮಂದಿಗಿ ಹೊಳಿಯಂಗಿಲ್ಲ. ಕಂಪ್ಯೂಟರಿನ ಹೊಟ್ಯಾಗ ರೂಪಾಯಿ ಬಿಲ್ಲಿ ಹಂಗ ಒಂದು ಚಪ್ಪಟೆ ಸೆಲ್ ಇರ್ತದ. ಕರೆಂಟ್ ಇಲ್ಲದಾಗ ಗಡಿಯಾರ ನಡಸೋದು ಅದೇ. ಹಳೇ ಕಂಪ್ಯೂಟರಿನ್ಯಾಗ ಅದು ಸತ್ತಿರ್ತದ. ಕರೆಂಟ್ ಹೋಗಿ ಬಂದ ಮ್ಯಾಲ ತಾರೀಖು ಎಷ್ಟೋ ವರ್ಷ ಹಿಂದಕ ಹೋಗಿ ಕುಂದರ್ತದ. ತಾರೀಖು ತಪ್ಪಿದ್ರ ಇಂಟರ್ನೆಟ್ಟಿನ ಗುರ್ತಿನ ಚೀಟಿಗಳನ್ನ ಕಂಪ್ಯೂಟರ್ ನಂಬಂಗಿಲ್ಲ, ಯಾವ ಪುಟಾನೂ ನೆಟ್ಟಗ ತಗಿಯಂಗಿಲ್ಲ, ದೂರದ ಸಂಪರ್ಕಾನೂ ಕೂಡಂಗಿಲ್ಲ. ಯಾದಗಿರಿ ತಂಗಿ ಮನ್ಯಾಗ ಆಗಿದ್ದು ಇದೇ. ಫೋನಿನ ಮ್ಯಾಲೇ ಹೇಳಿ ಬಲಗಡಿ ಕೆಳಗಿನ ಮೂಲ್ಯಾಗ ತಾರೀಖು ಓದಿಸಿದೆ. ನಾಕೈದು ವರ್ಷ ಹಿಂದಿಂದು ತೋರಸ್ಲತ್ತಿತ್ತು. ತಾರೀಖು ಸರಿ ಮಾಡಿದ ಕೂಡ್ಲೇ ಮಗ ಒಳಗ ಬಂದ. ಸೆಲ್ಲಿನ ನಂಬರ್ ಸಿಆರ್ 2032, ಗಡಿಯಾರದ ಅಂಗಡ್ಯಾಗೂ ಸಿಗ್ತದ.

ಈಗ ಸುರಪುರದ ವೈನಿ ಮನಿ ಸಮಸ್ಯಾಕ ಬರ್ತೀನಿ. ಅದು ಜರಾ ತೊಡಕಿಂದು. ಅವರ ಮಗ ಬೆಂಗಳೂರಾಗ ಅದಾನ. ಹಬ್ಬಕ್ಕ ಬಂದಾಗ ಮನಿ ಕಂಪ್ಯೂಟರನ್ಯಾಗ ವಿಂಡೋಸಿಂದೇ ರಿಮೋಟ್ ಡೆಸ್ಕ್‌ಟಾಪ್ ಚಾಲೂ ಮಾಡಿಟ್ಟ. ಒಂದು ಖೋಲ್ಯಾಗ ಕುಂತು ಇನ್ನೊಂದು ಖೋಲ್ಯಾಗಿನ ಕಂಪ್ಯೂಟರ್ ನಡಸಿ ತೋರ್ಸಿದ. ಬೆಂಗಳೂರಿಗಿ ಹೋದ ಮ್ಯಾಲ ಮಾತ್ರ ಎಷ್ಟು ಮಾಡಿದ್ರೂ ಒಳಗ ಬರ್ಲಾಕ ಆಗಲಿಲ್ಲ.

ಇದರಾಗ ಎರಡು ಮಾತು ಅದಾವ. ಒಂದು, ವಿಂಡೋಸಿನ್ಯಾಗ ಹೋಮ್ ಅಂತ ಒಂದು ತರ, ಪ್ರೊ ಅಂತ ಇನ್ನೊಂದು ತರ. ಹೋಮ್‌ನಿಂದ ಬ್ಯಾರೆಯವರ ಕಂಪ್ಯೂಟರಿಗಿ ಹೋಗ್ಲಾಕ ಬರ್ತದ, ಆದ್ರ ಹೋಮ್ ಇದ್ದ ಕಂಪ್ಯೂಟರಿನೊಳಗ ಯಾರನ್ನೂ ಕರಕೊಳ್ಳಾಕ ಬರಂಗಿಲ್ಲ. ನಮ್ಮದು ಹೋಮ್. ವೈನಿ ಮನೀದು ಪ್ರೊ, ಅದಕ್ಕೇ ಮನಿಯೊಳಗ ನಡೀತು.

ಇನ್ನೊಂದು ವಿಳಾಸದ ಮಾತು. ಮನಿಯೊಳಗಿನ ಕಂಪ್ಯೂಟರಿಗಿ 192.168 ಅಂತ ಶುರು ಆಗೋ ಒಂದು ನಂಬರ್ ಇರ್ತದ. ಅದು ವಾಡೇದೊಳಗಿನ ಖೋಲಿ ನಂಬರ್ ಇದ್ದಂಗ. ದೇಶದಾಗ ಎಲ್ಲಾ ಮನ್ಯಾಗೂ ಅದೇ ನಂಬರ್ ಇರ್ತಾವ. ಹೊರಗಿನವರಿಗಿ ಖೋಲಿ ನಂಬರಲ್ಲ, ದೊಡ್ಡ ಬಾಗಲದ ವಿಳಾಸ ಬೇಕು. ಆದ್ರ ಇಂಟರ್ನೆಟ್ಟಿನ ಹಳೇ ಪದ್ಧತ್ಯಾಗ ಇರೋ ವಿಳಾಸನೇ ಸುಮಾರು 430 ಕೋಟಿ. ಒಟ್ಟು ಜಗತ್ತಿನ ಮಂದಿಗಿ, ಅವರ ಫೋನಿಗಿ, ಟಿವಿಗಿ ಎಲ್ಲಿ ಸಾಲಬೇಕು? 2011ರ ಫೆಬ್ರುವರಿಯಾಗೇ ಹಂಚ್ಲಾಕ ಇಟ್ಟಿದ್ದ ಮೂಲ ದಾಸ್ತಾನು ಮುಗಿದು ಹೋತು. ಹೊಸಾ ಪದ್ಧತಿ ಬಂದದ ಖರೇ, ಆದ್ರ ಹಳೇದು ಇನ್ನೂ ನಡದದ. ಹಿಂಗಾಗಿ ಭಾಳ ಕಂಪನಿಯವರು ಎಷ್ಟೋ ಮನಿಗೋಳಿಗಿ ಸೇರಿ ಒಂದೇ ಹೊರಗಿನ ವಿಳಾಸ ಕೊಡ್ತಾರ. ಮೋಡೆಮ್ಮಿನ ಪುಟದಾಗ ಹೊರಗಿನ ನಂಬರ್ 100.64ರಿಂದ 100.127ರೊಳಗ ಇದ್ರ, ನಿಮ್ಮ ಮನಿನೂ ಅದರಾಗೇ ಅದ ಅಂತ ತಿಳೀರಿ. ಹೊರಗಿಂದ ಯಾರರ ಬಂದು ಬಾಗಿಲು ಬಡದ್ರ ಇದು ಯಾರ ಮನಿ ಬಾಗಲ ಅಂತ ಗೊತ್ತಾಗಂಗಿಲ್ಲ. ವೈನಿ ಮಗ ಮೋಡೆಮ್ಮಿನ್ಯಾಗ 3389 ಅನ್ನೋ ಬಾಗಲ ತಗದು ನೋಡಿದ್ದ. ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪಿನ ಬಾಗಲ ಅದೇ. ಆದ್ರ ಅದಕ್ಕಿಂತ ಹೊರಗಿನ ದೊಡ್ಡ ಬಾಗಲ ಅವರ ಕೈಯಾಗ ಇಲ್ಲ. ಮನಿಯೊಳಗ ನಡೀತು, ಹೊರಗಿಂದ ನಡೀಲಿಲ್ಲ ಅಂದ್ರ ಇದೇ ಕಾರಣ. ಹುಡುಗನ ತಪ್ಪೂ ಅಲ್ಲ, ಕಂಪ್ಯೂಟರಿನ ತಪ್ಪೂ ಅಲ್ಲ. ಇನ್ನ ಆ ಬಾಗಲ ಕೈಯಾಗ ಇದ್ದವರಿಗಿ ಒಂದು ಮಾತು: 3389 ಜಗತ್ತಿಗೆಲ್ಲಾ ತಗದು ಇಡಬ್ಯಾಡ್ರಿ. ಅದನ್ನೇ ಹುಡುಕ್ಕೋತ ತಿರುಗೋ ಕಳ್ಳರು ಅದಾರ, ಪಾಸ್‌ವರ್ಡ್ ಮ್ಯಾಲ ಪಾಸ್‌ವರ್ಡ್ ಹಾಕಿ ನೋಡ್ತಾರ.

ಹಂಗಾದ್ರ ನಮ್ಮ ಮಗಳು ಹ್ಯಾಂಗ ಬರ್ತಾಳ? ಶಹಾಪುರದವರು, ಸುರಪುರದವರು ಏನರ ಸಾಮಾನು ಕೊಟ್ಟು ತಗೊಳ್ಳೋದಿದ್ರ ಒಬ್ಬರ ಮನಿಗಿ ಒಬ್ರು ಹೋಗೋ ಬದಲಿ ಹತ್ತಿಗೂಡೂರ ಕ್ರಾಸಿಗಿ ಬಂದು ಭೇಟಿ ಆಗಲ್ಲೇನು? ಹಂಗೇ ಇದು. ಎನಿಡೆಸ್ಕ್, ಟೀಮ್‌ವ್ಯೂವರ್, ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಅಂತ ಆಪ್ ಅದಾವ. ನಮ್ಮ ಕಂಪ್ಯೂಟರ್ ತಾನೇ ಹೊರಗ ಹೋಗಿ ಅವರ ಸರ್ವರಿನ ಬಲ್ಲಿ "ನಾ ಇಲ್ಲಿ ಅದೀನಿ" ಅಂತ ಹೇಳಿ ನಿಂತಿರ್ತದ. ಮಗಳ ಲ್ಯಾಪ್‌ಟಾಪೂ ಅಲ್ಲಿಗೇ ಬರ್ತದ. ಇಬ್ರಿಗೂ ಅಲ್ಲಿ ಗಂಟು ಬೀಳ್ತದ. ಹೊರಗಿಂದ ಒಳಗ ಬರ್ಲಾಕ ತಡಿ ಇರ್ತದ, ಒಳಗಿಂದ ಹೊರಗ ಹೋಗ್ಲಾಕ ತಡಿ ಇರಂಗಿಲ್ಲ. ಇಬ್ರೂ ಹೊರಗ ಹೋದವರೇ ಆದ್ರಿಂದ ಕೂಡ್ತಾರ. ಇದು ತಿಳಿದ ಮ್ಯಾಲ ವೈನಿ ಮಗನೂ ಈ ದಾರಿ ಹಿಡದ, ಈಗ ದಿನಾ ಬರ್ತಾನ.

ಕೂಡಿದ ಮ್ಯಾಲೂ ಒಂದೆರಡು ತಕರಾರು ಬರ್ತಾವ. ಮಗಳ ಪರದೆ ಒಮ್ಮೆಗಲೇ ಕಪ್ಪಾಗಿ ನಿಂತ್ರ ಇಲ್ಲಿ ನಮ್ಮ ಪರದೆ ನೋಡ್ರಿ. "ಈ ಆಪಿಗಿ ಬದಲಾವಣಿ ಮಾಡ್ಲಾಕ ಬಿಡ್ಲೇನು?" ಅಂತ ವಿಂಡೋಸ್ ಕೇಳ್ಕೋತ ಕುಂತಿರ್ತದ. ಕೆಲವು ಸಲ ಆ ಪ್ರಶ್ನಿ ದೂರದವರಿಗಿ ಕಾಣಂಗಿಲ್ಲ, ಮನ್ಯಾಗ ಇದ್ದವರೇ ಉತ್ತರ ಕೊಡಬೇಕು. ಮಗಳು ಏನೂ ಹಾಕಿಲ್ಲಂದ್ರ "ನೋ" ಒತ್ತರಿ. ಚಿತ್ರ ತಡದು ತಡದು ಹೋಗ್ಲತ್ತಿದ್ರ ಮನ್ಯಾಗ ಬ್ಯಾರೆ ಯಾರು ನೆಟ್ ಹಿಡದಾರ ನೋಡ್ರಿ. ಇಲ್ಲಿ ಚಿತ್ರ ನಮ್ಮನಿಯಿಂದ ಹೊರಗ ಹೋಗಬೇಕಲ್ಲ, ಯಾರದರ ಫೋನು ಲಗ್ನದ ವಿಡಿಯೋಗಳನ್ನ ಮ್ಯಾಲ ಕಳಸ್ಲತ್ತಿದ್ರ ದಾರಿ ಇಕ್ಕಟ್ಟಾಗ್ತದ. ವಿಂಡೋಸ್ ಅಪ್‌ಡೇಟ್ ಆಗಿ ಕಂಪ್ಯೂಟರ್ ತಾನೇ ಬಂದ್ ಆಗಿ ಚಾಲೂ ಆಗಿದ್ರ, ಲಾಗಿನ್ ಪುಟದ ಬಲ್ಲಿ ನಿಂತಿರ್ತದ. ಕೆಲವು ಆಪ್ ಅಲ್ಲಿಂದ ಮುಂದ ಬರಂಗಿಲ್ಲ. ಪಾಸ್‌ವರ್ಡ್ ಹಾಕಿ ಒಳಗ ಹೋಗಿ ಇಡ್ರಿ.

ಇದೆಲ್ಲಾ ಕಲ್ತಿದ್ದು ಕೆಲಸಕ್ಕ ಬಂದಿದ್ದು ಜನವರಿ 20ನೇ ತಾರೀಖು. ಜಿಎಸ್‌ಟಿ ಗೊತ್ತಿದ್ದವರಿಗಿ 20 ಅಂದ್ರ ಗೊತ್ತಾಗ್ತದ. ತಿಂಗಳಿಗೊಮ್ಮಿ ತುಂಬೋರಿಗಿ 3ಬಿ ರಿಟರ್ನಿನ ಕಡೀ ದಿನ ಅದು. ದಾಟಿದ್ರ ದಿನಕ್ಕ 50 ರೂಪಾಯಿ ದಂಡ, ಮ್ಯಾಲ ಉಳದ ತೆರಿಗಿಗಿ ವರ್ಷಕ್ಕ 18 ಪರ್ಸೆಂಟ್ ಬಡ್ಡಿ. ಅಂದು ಸಂಜಿಮುಂದ ಹತ್ತಿ ಹೇರಿದ ಲಾರಿಯೊಂದು ನಮ್ಮ ಓಣಿ ಮುಂದ ಹಾದು ಅಡ್ಡ ಇದ್ದ ವೈರ್ ಕಿತ್ಕೊಂಡು ಹೋತು. ಎಂಟೂವರಿಗಿ ನೋಡ್ತೀನಿ, ಲಾಸ್ ಕೆಂಪಗ ಮಿಣುಕ್ಲತ್ತದ. ಕೇಬಲ್ ಹುಡುಗ "ಅಕ್ಕಾ, ಕತ್ತಲಾಗ್ಯದ, ನಾಳಿ ಮುಂಜಾನಿ ಬರ್ತೀನಿ" ಅಂದ. ನಮ್ಮನಿಯವರು ಏನೂ ಮಾತಾಡಲಿಲ್ಲ. ಆದ್ರ ಪಗಾರಿ ಮ್ಯಾಲ ಬರೆಯೋನ ಮಾತು ಅವರ ಮಾರಿ ಮ್ಯಾಲೇ ಬರ್ದಿತ್ತು.

ನಮ್ಮ ಕಂಪ್ಯೂಟರಿಗಿ ವೈಫೈ ಇಲ್ಲ, ವೈರಿನ ನೆಟ್ಟೇ ಬೇಕು. ಅವರ ಫೋನಿನ ಚಾರ್ಜಿಂಗ್ ಕೇಬಲ್ ತಗೊಂಡು ಒಂದು ತುದಿ ಫೋನಿಗಿ, ಇನ್ನೊಂದು ಕಂಪ್ಯೂಟರಿಗಿ ಹಾಕಿದೆ. ಫೋನಿನ ಸೆಟ್ಟಿಂಗ್ಸ್‌ನ್ಯಾಗ ಹಾಟ್‌ಸ್ಪಾಟ್ ಇರೋ ಜಾಗಾದಾಗೇ ಯುಎಸ್‌ಬಿ ಟೆದರಿಂಗ್ ಅಂತ ಇರ್ತದ, ಅದನ್ನ ಚಾಲೂ ಮಾಡಿದೆ. ಒಂದು ನಿಮಿಷದಾಗ ಕಂಪ್ಯೂಟರಿಗಿ ಫೋನಿನ ನೆಟ್ ಬಂತು. ಕಂಪನಿ ಬ್ಯಾರೆ ಆತು, ಹೊರಗಿನ ವಿಳಾಸ ಬ್ಯಾರೆ ಆತು. ಆದ್ರ ಆಪಿನ ನಂಬರ್ ಕಂಪ್ಯೂಟರಿಗಿ ಅಂಟಿದ್ದು, ವೈರಿಗಿ ಅಂಟಿದ್ದಲ್ಲ. ಒಂಬತ್ತಕ್ಕ ಮಗಳು ದಿನದಂಗೇ ಒಳಗ ಬಂದ್ಳು. ಬಾಣದ ಗುರ್ತು ಓಡಾಡಿದ್ದು ನೋಡಿ ನಮ್ಮನಿಯವರು ಕುರ್ಚಿ ಎಳಕೊಂಡು ಬಾಜೂಕ ಕುಂತ್ರು. ರಿಟರ್ನ್ ಕಳಸೋ ಮುಂದ ಅವರ ಫೋನಿಗೇ ಓಟಿಪಿ ಬರ್ತದ. ಅವರೇ ಒಂದೊಂದು ಅಂಕಿ ಓದಿ ಹೇಳಿದ್ರು, ಆಕಿ ಅಲ್ಲಿಂದ ಒತ್ತಿದ್ಳು. ಹತ್ತಕ್ಕ ಐದು ನಿಮಿಷ ಇರೋವಾಗ ಮುಗೀತು. "ಅಪ್ಪಾ, ಡಿಸೆಂಬರಿನ್ಯಾಗ ಉಧಾರಿ ಭಾಳ ಕೊಟ್ಟೀರಿ" ಅಂತ ಬೈದ್ಳು. ಅವರು "ಹೂನವ್ವಾ, ವಸೂಲಿ ಮಾಡ್ತೀನಿ" ಅಂದ್ರು. ಅಂದಿನಿಂದ ಪಗಾರಿ ಮ್ಯಾಲ ಹಚ್ಚೋ ಮಾತು ನಮ್ಮನ್ಯಾಗ ಎದ್ದಿಲ್ಲ.

ಓಟಿಪಿ ಹೇಳಿದ್ರು ಅಂತ ಬರ್ದೆ, ಈಗ ಅದರದೇ ಮಾತು. ಈ ಸಂಪರ್ಕ ಅಂದ್ರ ಮನಿ ಕೀಲಿಕೈ. ಆಪ್ ಕಳ್ಳ ಅಲ್ಲ, ಕೀಲಿಕೈ ಯಾರ ಕೈಯಾಗ ಅದ ಅನ್ನೋದು ಮುಖ್ಯ. ಬಾಜೂಮನಿ ಅಕ್ಕಗ ಒಂದಿನ ಫೋನ್ ಬಂತು. "ನಿಮ್ಮ ಕರೆಂಟ್ ಬಿಲ್ ಕಟ್ಟಿಲ್ಲ, ಇವತ್ತ ರಾತ್ರಿ ಲೈನ್ ಕಟ್ ಆಗ್ತದ. ಈ ಆಪ್ ಹಾಕ್ರಿ, ನಾವೇ ಸರಿ ಮಾಡ್ತೀವಿ" ಅಂದನಂತ. ಅಕ್ಕ ಫೋನ್ ಹಿಡ್ಕೊಂಡೇ ನಮ್ಮನಿಗಿ ಬಂದ್ಳು. ಪರದೆ ಮ್ಯಾಲ ಅದೇ ತರ ನಂಬರ್. ಆ ನಂಬರ್ ಓದಿ ಹೇಳಿ, "ಅಕ್ಸೆಪ್ಟ್" ಒತ್ತಿದ್ರ ಮುಗೀತು, ಅಂವ ಎಲ್ಲಾ ನೋಡ್ತಾನ, ಬ್ಯಾಂಕಿನ ಓಟಿಪಿ ಸೈತ. ಫೋನ್ ಕಟ್ ಮಾಡಿಸಿ ಆಪ್ ತಗಸಿದೆ. ಇದು ಹೊಸಾ ಆಟ ಅಲ್ಲ. 2019ರ ಫೆಬ್ರುವರಿಯಾಗೇ ರಿಸರ್ವ್ ಬ್ಯಾಂಕು ಎನಿಡೆಸ್ಕಿನ ಹೆಸರು ತಗೊಂಡು, ಇದನ್ನ ಹಾಕಿಸಿ ರೊಕ್ಕ ಹೊಡಿಲತ್ತಾರ ಅಂತ ಬ್ಯಾಂಕುಗಳಿಗಿ ಎಚ್ಚರ ಹೇಳಿತ್ತು.

ನಮ್ಮ ಮನಿ ಕಾನೂನು ಹಿಂಗದ. ಮಗಳು ಒಳಗ ಬರೋ ಮೊದಲು ನಾನೇ ಆಕಿ ನಂಬರಿಗಿ ಫೋನ್ ಹಚ್ತೀನಿ. ಬ್ಯಾರೆ ನಂಬರಿನಿಂದ ಯಾರರ ಆಕಿ ಹೆಸರು ಹೇಳಿದ್ರೂ ಬಾಗಲ ತಗಿಯಂಗಿಲ್ಲ. ಸಹಾಯ ಬೇಕಂತ ಗೂಗಲ್‌ನ್ಯಾಗ ಸಿಕ್ಕ ನಂಬರಿಗಿ ಹಚ್ಚಂಗಿಲ್ಲ. ಆಪಿನ ಪಾಸ್‌ವರ್ಡ್ ಇಬ್ರಿಗೇ ಗೊತ್ತು, ಗೋಡಿ ಮ್ಯಾಲ ಬರ್ದು ಅಂಟಿಸಿಲ್ಲ. ಕರೀಲಾರದ ಬಾಣದ ಗುರ್ತು ಓಡಾಡ್ಲತ್ತಿದ್ರ ವಿಚಾರ ಮಾಡಬಾರ್ದು, ಮೊದಲು ನೆಟ್ಟಿನ ವೈರ್ ಕೀಳಬೇಕು, ಆಮ್ಯಾಲ ಮಾತು. ರೊಕ್ಕ ಹೋಗಿದ್ರ ತಡ ಮಾಡ್ದ 1930ಕ್ಕ ಫೋನ್ ಮಾಡಬೇಕು. ಅದು ಸೈಬರ್ ಮೋಸದ್ದೇ ನಂಬರ್. ನಾಚಿಕಿ ಪಟ್ಟು ಎರಡು ದಿನ ಮುಚ್ಚಿಟ್ರ ರೊಕ್ಕ ಕೈಯಿಂದ ಕೈಗಿ ದಾಟಿ ಹೋಗಿರ್ತದ.

ಈಗ ನಮ್ಮನ್ಯಾಗ ಎಂಟೂವರಿ ಕೆಲಸ ನಂದು, ಒಂಬತ್ತರ ಕೆಲಸ ಆಕೀದು. ಯುಗಾದಿಗಿ ಬಂದಾಗ ಆಕಿ ಇನ್ನೊಂದು ಕಲಿಸ್ತೀನಿ ಅಂದಾಳ, ಟ್ಯಾಲಿಯೊಳಗ ಖರೀದಿ ಬಿಲ್ಲು ಏರಿಸೋದು. ಹಗಲೊತ್ತಿನ್ಯಾಗ ಬಿಲ್ಲು ನಾ ಏರಿಸಿಟ್ರ ರಾತ್ರಿ ಆಕಿಗಿ ಅರ್ಧ ತಾಸು ಉಳಿತದ. ಆ ಅರ್ಧ ತಾಸು ಸುಮ್ನ ಕುಂತು ಮಾತಾಡಮ ಅಂತ ಇಬ್ರೂ ಮಾತಾಡ್ಕೊಂಡೀವಿ.